ಎಲ್ಲ ಒಂದೇ ಎಂದು ಅವರು ಹೇಳಿದ್ದಿಲ್ಲ

ಶ್ರದ್ಧಾಂಜಲಿ ಸಭೆಯಲ್ಲಿ ಕೂತವರಿಗೆ ಸಿಟ್ಟು ಬರಬಾರದು. ನನಗೆ ಬಂತು. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ಕಂಕನಾಡಿಯಿಂದ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ನಾನು ಓದಿದ ಕಾಲೇಜಿನ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತದ್ದು ಅಳುವುದಕ್ಕೆಂದು. ಅಳು ಹತ್ತಿರವೂ ಸುಳಿಯಲಿಲ್ಲ. ವೇದಿಕೆಯ ಮೇಲೆ ನಮ್ಮ ಸರ್ ಅವರ ಫೋಟೊ, ಅದಕ್ಕೊಂದು ಸೇವಂತಿಗೆ ಹಾರ, ಹಿಂದುಗಡೆ ಗೋಡೆಯಗಲದ ಬ್ಯಾನರು. ಬ್ಯಾನರಿನಲ್ಲಿ ಓಂಕಾರ, ಶಿಲುಬೆ, ಚಂದ್ರ ನಕ್ಷತ್ರ ಮೂರನ್ನೂ ಒಂದೇ ವೃತ್ತದೊಳಗೆ ತುರುಕಿ, ಕೆಳಗೆ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು: 'ಎಲ್ಲ ಧರ್ಮಗಳೂ ಒಂದೇ ಎಂದು ಸಾರಿದ ಸಂತನಿಗೆ ನಮನ.'

ಸಂತನಂತೆ! ಸಿಟ್ಟು ಬಂದಾಗ ಚಾಕ್‌ಪೀಸನ್ನು ಕಿಟಕಿಯಿಂದಾಚೆ ಎಸೆಯುವ ಸಂತರು ಎಲ್ಲಿದ್ದಾರೆ? ಗೋಳಿಬಜೆಯ ಎರಡನೇ ಪ್ಲೇಟಿಗೆ ಕೈಹಾಕಿ "ಮನೆಯಲ್ಲಿ ಹೇಳ್ಬೇಡಿ ಆಯ್ತಾ" ಎನ್ನುವ ಸಂತರು? ಅದೂ ಹೋಗಲಿ. 'ಎಲ್ಲ ಧರ್ಮಗಳೂ ಒಂದೇ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಕನ್ನಡಕ ಮೇಜಿಗೆ ಬಂತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಇಡೀ ಕ್ಲಾಸಿಗೆ ಗೊತ್ತು. ಬದುಕಿಡೀ ಯಾವ ಮಾತಿನ ವಿರುದ್ಧ ಪಾಠ ಮಾಡಿದರೋ ಅದೇ ಮಾತನ್ನು ಅವರ ತಲೆಯ ಮೇಲೆ ಕಟ್ಟಿ, ಕೆಳಗೆ ಊದುಬತ್ತಿ ಹಚ್ಚಿದ್ದರು.

ಕಟ್ಟಿಸಿದವರು ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು. ಮೊದಲ ಭಾಷಣವೂ ಅವರದೇ. ಮೂರು ಧರ್ಮಗಳ ಮೂವರು ಗಣ್ಯರನ್ನು ಕರೆದು ಮೂರು ದೀಪ ಹಚ್ಚಿಸಿದರು. ಆ ಮೂವರಲ್ಲಿ ಒಬ್ಬರಾದರೂ ಸರ್ ಅವರ ಕ್ಲಾಸಿನ ಹೊಸ್ತಿಲು ತುಳಿದವರಲ್ಲ. ಕೊನೆಗೆ ಕಾರ್ಯದರ್ಶಿಗಳು ಘೋಷಿಸಿದ್ದೇನೆಂದರೆ, ಮುಂದಿನ ತಿಂಗಳು ಕಾಲೇಜಿನ ಲೈಬ್ರರಿಯಲ್ಲಿ ಸರ್ ಅವರ ಫೋಟೊ ಅನಾವರಣ. ಅದರ ಕೆಳಗೊಂದು ಹಿತ್ತಾಳೆಯ ಫಲಕ. ಫಲಕದಲ್ಲಿ ಇದೇ ವಾಕ್ಯ. ಬ್ಯಾನರನ್ನು ಸಂಜೆ ಬಿಚ್ಚುತ್ತಾರೆ, ಮಡಚಿ ಇಡುತ್ತಾರೆ. ಹಿತ್ತಾಳೆ ಹಾಗಲ್ಲ. ನಾವೆಲ್ಲ ಸತ್ತ ಮೇಲೂ ಲೈಬ್ರರಿಗೆ ಬರುವ ಮಕ್ಕಳು ಅದನ್ನೇ ಓದುತ್ತಾರೆ, ಅವರು ಇಂಥವರಾಗಿದ್ದರು ಎಂದೇ ನಂಬುತ್ತಾರೆ. ಜನ ಚಪ್ಪಾಳೆ ತಟ್ಟಿದರು.

ಹೊರಗೆ ಬರುವಾಗ ಕಾರ್ಯದರ್ಶಿಗಳು ನನ್ನನ್ನು ಬಾಗಿಲಲ್ಲಿ ಹಿಡಿದರು. "ನೀವು ಅವರ ಹಳೇ ಸ್ಟೂಡೆಂಟ್ ಅಲ್ವಾ? ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ. ಸಣ್ಣದು ಸಾಕು. ಅದ್ರಲ್ಲಿ ಸ್ವಲ್ಪ ಸೌಹಾರ್ದದ ಬಗ್ಗೆ ಬರ್ಲಿ" ಎಂದರು. ಕೊಡುತ್ತೇನೆ ಎಂದೆ. ಇದೇ ಆ ಲೇಖನ. ಕೊನೆಯ ಭಾಗ ಮಾತ್ರ ಆಮೇಲೆ ಸೇರಿಸಿದ್ದು. ಸಂಚಿಕೆಯವರು ಇದನ್ನು ಅಚ್ಚು ಹಾಕುವುದಿಲ್ಲ ಎಂದು ಬರೆಯಲು ಕೂತಾಗಲೇ ಗೊತ್ತಿತ್ತು. ಸರ್ ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಬ್ಯಾನರಿನಲ್ಲಿ ಬರೆದದ್ದೇ ಬೇಕಾದಷ್ಟಾಯಿತು.

ನಾನು ಅವರ ವಿದ್ಯಾರ್ಥಿನಿಯಾದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಬಿ.ಎ. ತರಗತಿಗೆ 'ಧರ್ಮಗಳ ತೌಲನಿಕ ಅಧ್ಯಯನ' ಎಂಬ ಐಚ್ಛಿಕ ವಿಷಯವಿತ್ತು. ಸುಲಭದಲ್ಲಿ ಮಾರ್ಕು ಬೀಳುತ್ತದೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದನ್ನು ನಂಬಿ ಸೇರಿದೆ. ನಮ್ಮ ಮನೆ ಜೆಪ್ಪುವಿನಲ್ಲಿ. ಅಪ್ಪನದು ಕಂಕನಾಡಿ ಮಾರ್ಕೆಟಿನಲ್ಲಿ ತೆಂಗಿನಕಾಯಿ ಅಂಗಡಿ. ಅಣ್ಣ ಆಗಷ್ಟೆ ಗಲ್ಫಿಗೆ ಹೋಗಿದ್ದ. ಸರ್ ಕೂಡ ಜೆಪ್ಪುವಿನಲ್ಲೇ ಇದ್ದರು. ಒಂದು ಕಾಲಕ್ಕೆ ಬೇಕಾದಷ್ಟು ಜಮೀನಿದ್ದ ಮನೆತನ. ಅಣ್ಣತಮ್ಮಂದಿರೆಲ್ಲ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದರೆ ಇವರೊಬ್ಬರು ಕೊಡೆ ಹಿಡಿದುಕೊಂಡು ಕಾಲೇಜಿಗೆ ನಡೆದು ಬರುತ್ತಿದ್ದರು.

ಮೊದಲ ದಿನವೇ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ನಿಮ್ಮ ಪಕ್ಕ ಕೂತವರದ್ದು ಯಾವ ಧರ್ಮ?" ಪಕ್ಕದಲ್ಲಿದ್ದವಳು ನನ್ನ ಗೆಳತಿ, ಬಿಜೈ ಕಡೆಯ ಕೆಥೊಲಿಕ್ ಹುಡುಗಿ. ನಾವಿಬ್ಬರು ದಿನಾ ಬುತ್ತಿ ಹಂಚಿಕೊಳ್ಳುವುದನ್ನು ಸರ್ ವರಾಂಡದಲ್ಲಿ ಕಂಡಿದ್ದರು. ಕ್ರಿಶ್ಚಿಯನ್ ಸರ್ ಎಂದೆ.

"ಎಂತ ಮಾಡ್ತಾರೆ ಅವರು?"

"ಆದಿತ್ಯವಾರ ಇಗರ್ಜಿಗೆ ಹೋಗ್ತಾರೆ ಸರ್."

"ಹೋಗಿ?"

"ಪ್ರಾರ್ಥನೆ ಮಾಡ್ತಾರೆ."

"ಎಂತ ಅಂತ?"

ನನಗೆ ಗೊತ್ತಿರಲಿಲ್ಲ. ಕನ್ನಡಕ ಮೇಜಿಗೆ ಬಂತು. "ಒಂದು ವರ್ಷದಿಂದ ಅವರ ಬುತ್ತಿಯ ಮೀನು ತಿಂತಾ ಇದ್ದೀರಿ. ಇದೊಂದು ಕೇಳ್ಬೇಕು ಅಂತ ಆಗ್ಲಿಲ್ಲ. ನಾಚಿಕೆ ಆಗುದಿಲ್ವಾ ಮಾರಾಯ್ರೆ?" ಆಮೇಲೆ ಗೆಳತಿಯ ಕಡೆ ತಿರುಗಿ, "ನೀವೂ ನಗ್ಬೇಡಿ. ಇವರ ಮನೆಯ ತುಳಸಿಕಟ್ಟೆಗೆ ಯಾಕೆ ದೀಪ ಇಡುದು ಅಂತ ನಿಮಗೆ ಗೊತ್ತುಂಟಾ?" ಎಂದರು. ಅವಳ ನಗು ಅಲ್ಲಿಗೇ ನಿಂತಿತು.

ಅವರ ಕ್ಲಾಸಿಗೆ ಒಂದೇ ಕಟ್ಟಳೆ. ಪ್ರತಿಯೊಬ್ಬರೂ ತಮ್ಮದಲ್ಲದ ಧರ್ಮದ ಬಗ್ಗೆ ಪ್ರಬಂಧ ಬರೆಯಬೇಕು. ಬರೆದದ್ದನ್ನು ಆ ಧರ್ಮದವರ ಮನೆಗೆ ಹೋಗಿ, ಅವರ ಎದುರು ಕೂತು, ಗಟ್ಟಿಯಾಗಿ ಓದಬೇಕು. 'ಹೌದು, ಇದು ನಮ್ಮದೇ' ಎಂದು ಮನೆಯವರು ತಲೆದೂಗಿದ ವಾಕ್ಯ ಉಳಿಯುತ್ತದೆ. ತಲೆ ಅಡ್ಡ ಆಡಿಸಿದರೆ ಆ ವಾಕ್ಯಕ್ಕೆ ಗೀಟು. ಪ್ರಬಂಧ ಕೊಟ್ಟಾಗ ಬೇರೆ ಮೇಷ್ಟರುಗಳು ಯಾವ ಪುಸ್ತಕ ನೋಡಿದಿರಿ ಎಂದು ಕೇಳುತ್ತಾರೆ, ಇವರು "ಯಾರ ಮನೆಯಲ್ಲಿ ಓದಿದ್ರಿ?" ಎಂದು ಕೇಳುತ್ತಿದ್ದರು. ಓದಿಲ್ಲ ಎಂದರೆ ಹಾಳೆಯನ್ನು ಬಿಡಿಸಿಯೂ ನೋಡದೆ, "ಪುನಃ ಬರೆದು ತನ್ನಿ" ಎಂದು ವಾಪಸು ಕೊಡುತ್ತಿದ್ದರು. ಹಾಗಾದರೆ ಅವರು ಹೇಳಿದ್ದನ್ನೆಲ್ಲ ಒಪ್ಪಬೇಕೇ ಎಂದು ಒಬ್ಬ ಕೇಳಿದ. "ಯಾರು ಒಪ್ಪಿ ಅಂದದ್ದು? ಜಗಳ ಬೇಕಾದ್ರೆ ಆಮೇಲೆ ಮಾಡಿ. ಮೊದಲು ಅವರ ಮಾತು ಅವರದ್ದೇ ಆಗಿ ನಿಮ್ಮ ಬಾಯಲ್ಲಿ ಬರ್ಲಿ" ಎಂದರು.

ಈ ಕಟ್ಟಳೆಯಿಂದ ಎಲ್ಲರಿಗೂ ಒಳ್ಳೆಯದೇ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಪರಿಚಿತರ ಮನೆಯ ಗೇಟು ತೆರೆಯುವುದಕ್ಕೇ ಬೆವರುವ ಹುಡುಗನೊಬ್ಬ ನಮ್ಮ ಜೊತೆಗಿದ್ದ. ಅವನ ಹಾಳೆ ಮತ್ತೆ ಮತ್ತೆ ವಾಪಸು ಬಂತು. ಕೊನೆಗೆ ಅವನು ವಿಷಯವನ್ನೇ ಬದಲಿಸಿ ಅರ್ಥಶಾಸ್ತ್ರಕ್ಕೆ ಹೋದ. ಒಂದು ಮಾತು ಹೇಳಿ ಧೈರ್ಯ ಕೊಟ್ಟಿದ್ದರೆ ಏನು ಹೋಗುತ್ತಿತ್ತು ಎಂದು ನನಗೆ ಇವತ್ತಿಗೂ ಸರ್ ಮೇಲೆ ಸಿಟ್ಟುಂಟು.

ಲೈಬ್ರರಿಯಲ್ಲಿ ಧರ್ಮಗಳ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಮೊದಲ ಅಧ್ಯಾಯ ಕಾಡುಜನರ ನಂಬಿಕೆಗಳು ಎಂದು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋಗಿ ಕೊನೆಯ ಅಧ್ಯಾಯದಲ್ಲಿ ಬರೆದವನ ಸ್ವಂತ ಧರ್ಮ. ಇನ್ನೊಂದು ನಮ್ಮವರೇ ಬರೆದ ಪುಸ್ತಕ. ಅದರಲ್ಲೂ ಅದೇ ಮೆಟ್ಟಿಲುಗಳು, ತುದಿಯಲ್ಲಿ ಕೂತದ್ದು ಮಾತ್ರ ಬೇರೆ. ಎರಡರಲ್ಲೂ ನಮ್ಮ ತುಳುನಾಡಿನ ಭೂತಾರಾಧನೆ ಕೆಳಗಿನ ಮೆಟ್ಟಿಲಿನಲ್ಲೇ ಇತ್ತು. ಮೊದಲನೆಯದರಲ್ಲಿ ಪಿಶಾಚಿ ಪೂಜೆ ಎಂದು, ಎರಡನೆಯದರಲ್ಲಿ ತಿಳಿವಳಿಕೆ ಇಲ್ಲದವರ ಆಚಾರ ಎಂದು.

ಆ ಸಾಲುಗಳನ್ನು ಓದಿಸಿ ಸರ್ ನನ್ನನ್ನು ಕೇಳಿದರು. "ನಿಮ್ಮ ಮನೆಯಲ್ಲಿ ಭೂತಕ್ಕೆ ಕೊಡ್ಲಿಕ್ಕೆ ಉಂಟಲ್ಲ?"

"ಉಂಟು ಸರ್."

"ಅದು ಪಿಶಾಚಿಯಾ?"

"ಅಲ್ಲ ಸರ್!" ಎಂದೆ. ಎಷ್ಟು ಜೋರಾಗಿ ಎಂದರೆ ಪಕ್ಕದ ಕ್ಲಾಸಿನವರು ಇಣುಕಿದರು. ನನ್ನ ಅಜ್ಜಿ ಪ್ರತಿ ಸಂಕ್ರಮಣಕ್ಕೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಭೂತದ ಗುಡಿಗೆ ಹೂವಿಡುವುದು ಕಣ್ಣೆದುರು ಬಂದು ಮೈಯೆಲ್ಲ ಉರಿದು ಹೋಗಿತ್ತು.

ಸರ್‌ಗೆ ಖುಷಿಯೋ ಖುಷಿ. "ಸಿಟ್ಟು ಬಂತಲ್ಲ? ಒಳ್ಳೇದಾಯ್ತು. ಅದನ್ನು ಜೋಪಾನ ಇಟ್ಕೊಳ್ಳಿ. ನೀವು ಬೇರೆಯವರ ಬಗ್ಗೆ ಬರೆಯುವಾಗ ಅವರಿಗೆ ಈ ಸಿಟ್ಟು ಬರ್ಬಾರ್ದು" ಎಂದರು. ಮತ್ತೆ ಪುಸ್ತಕವನ್ನು ಎತ್ತಿ ತೋರಿಸಿ, "ಮೆಟ್ಟಿಲು ಕಟ್ಟಿದವ ಕೆಳಗೆ ಕೂತದ್ದು ಎಲ್ಲಾದ್ರೂ ನೋಡಿದ್ದೀರಾ?" ಎಂದು ಕೇಳಿದರು. ಆ ದಿನದ ಚಾಕ್‌ಪೀಸು ಕಿಟಕಿಯಿಂದಾಚೆ ಹೋಯಿತು.

ನನ್ನ ಪ್ರಬಂಧದ ವಿಷಯ ಮುಸಲ್ಮಾನರ ರಂಜಾನ್ ಉಪವಾಸ. ಎರಡು ಪುಸ್ತಕ ನೋಡಿ ಚೆಂದದ ಅಕ್ಷರದಲ್ಲಿ ಬರೆದೆ. ಉಪವಾಸದಿಂದ ಬಡವರ ಹಸಿವು ಅರ್ಥವಾಗುತ್ತದೆ, ಹೊಟ್ಟೆಗೆ ವಿಶ್ರಾಂತಿ ಸಿಗುತ್ತದೆ, ನಮ್ಮ ಏಕಾದಶಿಯ ಉದ್ದೇಶವೂ ಇದೇ, ಆದ್ದರಿಂದ ಎಲ್ಲ ಧರ್ಮಗಳ ಸಾರವೂ ಒಂದೇ ಎಂದು ಮುಗಿಸಿದ್ದೆ. ಸರ್ ನನ್ನನ್ನು ಬೆಂಗ್ರೆಗೆ ಕಳಿಸಿದರು. ಬಂದರಿನಲ್ಲಿ ದೋಣಿ ಹತ್ತಿ ನದಿ ದಾಟಿದರೆ ಬೆಂಗ್ರೆ. ಅಲ್ಲಿ ಐಸಮ್ಮ ಎಂಬ ಬ್ಯಾರಿ ಹೆಂಗಸಿನ ಮನೆ. ಆಕೆಯ ಗಂಡ ಸರ್ ಅವರ ಶಾಲೆಯ ಗೆಳೆಯರಾಗಿದ್ದವರು. ಅವರು ತೀರಿಕೊಂಡ ಮೇಲೆ ಮೀನಿನ ದೋಣಿಗಳನ್ನೆಲ್ಲ ಐಸಮ್ಮನೇ ನಡೆಸುತ್ತಿದ್ದರು. ಮನೆಯೆದುರು ಕುರ್ಚಿ ಹಾಕಿ ಕೂತರೆ ಬಲೆ ಕಟ್ಟುವವರ ಮಾತೆಲ್ಲ ನಿಲ್ಲಬೇಕು, ಅಂಥ ದರ್ಬಾರು.

ನಾನು ಓದಿದೆ, ಕನ್ನಡದ್ದನ್ನು ತುಳುವಿನಲ್ಲಿ ಬಿಡಿಸಿ ಹೇಳಿದೆ. ಐಸಮ್ಮ ಅರ್ಧದಲ್ಲೇ ಕೈ ಎತ್ತಿ ನಿಲ್ಲಿಸಿದರು. ಅವರು ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಬಡವರ ಹಸಿವು ತಿಳೀಲಿಕ್ಕೆ ನಾವು ನೋಂಬು ಹಿಡಿಯುದಾ? ಹಾಗಾದ್ರೆ ಬಡವ ಯಾಕೆ ಹಿಡಿಯುದು? ಅವನಿಗೆ ಹಸಿವು ಗೊತ್ತುಂಟಲ್ಲ?"

ನಾನು ತಡವರಿಸುತ್ತ ಹೊಟ್ಟೆಯ ವಿಶ್ರಾಂತಿಯ ಸಾಲಿಗೆ ಹೋದೆ.

"ಹೊಟ್ಟೆಗೆ ವಿಶ್ರಾಂತಿ ಬೇಕಾದ್ರೆ ಕಂಕನಾಡಿಯ ಆಸ್ಪತ್ರೆಗೆ ಹೋಗ್ತೇನೆ. ಅಲ್ಲಾಹು ಹಿಡಿ ಅಂದಿದ್ದಾನೆ, ಹಿಡಿಯುದು. ಮಧ್ಯಾಹ್ನ ಒಳಗೆ ಹೋಗಿ ಒಂದು ಲೋಟ ನೀರು ಕುಡಿದ್ರೆ ಯಾರು ನೋಡ್ತಾರೆ? ಕುಡಿಯುದಿಲ್ಲ. ಅದು ಅವನಿಗೆ ಗೊತ್ತು, ನನಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಅದನ್ನು ಬರಿ ಮೋಳೆ."

ಮೋಳೆ ಎಂದರೆ ಬ್ಯಾರಿಗಳ ಮಾತಿನಲ್ಲಿ ಮಗಳೇ ಎಂದು. ಅವರು ಹೇಳಿದ ಸಾಲು ನನ್ನ ಎರಡೂ ಪುಸ್ತಕಗಳಲ್ಲಿ ಇರಲಿಲ್ಲ. ಪುನಃ ಬರೆದೆ. ಪುನಃ ದೋಣಿ ಹತ್ತಿದೆ. ಐಸಮ್ಮ ತಲೆದೂಗುವಷ್ಟರಲ್ಲಿ ದೋಣಿಯವನಿಗೆ ನನ್ನ ಮುಖಪರಿಚಯ ಆಗಿಹೋಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಕೊನೆಯ ದಿನ ಐಸಮ್ಮ ಮಾತಿನ ನಡುವೆ, "ನಿಮ್ಮದೆಂತ, ಭೂತಕ್ಕೆ ಹೆದರಿ ಕೋಳಿ ಕೊಯ್ಯುದಲ್ವಾ?" ಎಂದುಬಿಟ್ಟರು. ನಾನು ಬಂದು ಸರ್ ಹತ್ತಿರ ದೂರು ಹೇಳಿದೆ. ಸರ್ ಕೂಡಲೇ ಬೆಂಗ್ರೆಗೆ ಹೋಗಿ, ಹಾಗೆ ಹೇಳುವುದಾದರೆ ಆ ಮನೆಯವರ ಎದುರೇ ಬಂದು ಹೇಳಬೇಕು, ಕಟ್ಟಳೆ ಎಲ್ಲರಿಗೂ ಒಂದೇ ಎಂದು ಪಟ್ಟು ಹಿಡಿದರು. ಒಂದು ಆದಿತ್ಯವಾರ ಐಸಮ್ಮ ತಲೆಗೆ ರೇಷ್ಮೆಯ ತಟ್ಟ ಹೊದ್ದು ನಮ್ಮ ಜೆಪ್ಪುವಿನ ಮನೆಗೆ ಬಂದರು, ಹಿಂದೆಯೇ ಕೊಡೆ ಹಿಡಿದ ಸರ್. ಐಸಮ್ಮ ನನ್ನ ಅಜ್ಜಿಯೆದುರು ಕೂತು ತಮ್ಮ ಮಾತನ್ನೇ ಹೇಳಿದರು. ಅಜ್ಜಿ ತಲೆ ಅಡ್ಡ ಆಡಿಸಿದರು.

"ಹೆದರಿ ಅಲ್ಲ. ಅವನು ನಮ್ಮ ಮನೆಯ ಹಿರಿಯ. ನಾವು ಊಟ ಮಾಡುವಾಗ ಅವನಿಗೆ ಕೊಡದೆ ಇರ್ಲಿಕ್ಕೆ ಆಗ್ತದಾ? ಮತ್ತೆ ಮನೆಯೊಳಗೆ ಯಾರಾದ್ರೂ ಅನ್ಯಾಯ ಮಾಡಿದ್ರೆ ಬಂದು ಎದುರಲ್ಲೇ ಕೇಳ್ತಾನೆ. ನನ್ನ ಗಂಡನನ್ನೇ ಕೇಳಿದ್ದುಂಟು."

ಐಸಮ್ಮ ಅದನ್ನು ತಮ್ಮ ಬಾಯಲ್ಲಿ ತಿರುಗಿ ಹೇಳಿದರು. ಅಜ್ಜಿ ತಲೆದೂಗಿದರು. ಆಗ ಐಸಮ್ಮ, "ಹಾಗಾದ್ರೆ ನಿಮ್ಮದಕ್ಕೂ ನಮ್ಮದಕ್ಕೂ ಸಂಬಂಧವೇ ಇಲ್ಲ. ನಮ್ಮಲ್ಲಿ ಅವನೊಬ್ಬನೇ, ಮನೆಮನೆಗೆ ಬೇರೆ ಹಿರಿಯ ಇಲ್ಲ. ನಮಗೆ ಇದು ಆಗುದಿಲ್ಲ" ಎಂದರು. ಅಜ್ಜಿಯೂ ಅಷ್ಟೇ ಸಮಾಧಾನದಲ್ಲಿ, "ನಮಗೆ ನಿಮ್ಮದೂ ಆಗ್ಲಿಕ್ಕಿಲ್ಲ" ಎಂದು ಹೇಳಿ, ಚಾ ತಣ್ಣಗಾಗುತ್ತದೆ ಕುಡಿಯಿರಿ ಎಂದರು. ಇಬ್ಬರೂ ಕುಡಿದರು, ಮಳೆಯ ಬಗ್ಗೆ, ಬಂಗುಡೆಯ ಬಗ್ಗೆ ಮಾತಾಡಿದರು. ಸರ್ ಮೆಟ್ಟಿಲಲ್ಲಿ ಕೂತು ನನಗೆ ಕಣ್ಣಲ್ಲೇ ತೋರಿಸಿದರು, ಹೊರಡುವಾಗ ಮೆಲ್ಲಗೆ ಹೇಳಿದರು. "ನೋಡಿದ್ರಾ? ಒಂದೇ ಅಲ್ಲ. ಆದ್ರೂ ಚಾ ಕುಡಿದ್ರಲ್ಲ. ಇಷ್ಟೇ ನನ್ನ ಪಾಠ."

ಈಗ ಹೇಳಿ, ಇಂಥವರ ಫೋಟೊದ ಕೆಳಗೆ ಎಲ್ಲವೂ ಒಂದೇ ಎಂದು ಕೊರೆಸುವುದೆಂದರೆ ಏನರ್ಥ? ಒಂದೇ ಎಂದುಬಿಟ್ಟರೆ ನದಿ ದಾಟುವ ಕೆಲಸವಿಲ್ಲ, ಯಾರ ಮನೆಯ ಮುಂದೆಯೂ ಚಪ್ಪಲಿ ಬಿಡಬೇಕಾಗಿಲ್ಲ. ನಮ್ಮದು ಗೊತ್ತಿದ್ದರೆ ಸಾಕು, ಅವರದೂ ಗೊತ್ತಾದಂತೆ. ಸರ್ ಅವರಿಗೆ ಇದು ಸೋಮಾರಿಗಳ ಮಾತಾಗಿತ್ತು. ನಮ್ಮದೇ ಮೇಲು ಎನ್ನುವವನ ಮೇಲೆ ಎಷ್ಟು ಸಿಟ್ಟೋ ಅಷ್ಟೇ ಸಿಟ್ಟು ಎಲ್ಲ ಒಂದೇ ಎನ್ನುವವರ ಮೇಲೂ ಇತ್ತು.

ನಮ್ಮದೇ ಮೇಲು ಎನ್ನುವವರು ಒಮ್ಮೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಸಿಕ್ಕಿಬಿದ್ದರು. ಒಬ್ಬ ಹುಡುಗ ಎದ್ದು ನಮ್ಮ ಋಷಿಗಳ ಮಾತುಗಳನ್ನು ಅಮೋಘವಾಗಿ ವರ್ಣಿಸಿ, ಅದರ ಎದುರಿಗೆ ಯಾವುದೋ ಊರಿನ ಗಲಭೆಯ ಸುದ್ದಿ ಇಟ್ಟು, ನೋಡಿ ಅವರ ಧರ್ಮ ಎಂದ. ಸಭೆಯಲ್ಲಿ ಕೂತಿದ್ದ ಸರ್ ಎದ್ದು ನಿಂತೇಬಿಟ್ಟರು. "ನಿಮ್ಮ ಮನೆಯ ಚಾವಡಿಯನ್ನು ಅವರ ಮನೆಯ ಹಿತ್ತಿಲಿಗೆ ಹೋಲಿಸ್ತಾ ಇದ್ದೀರಿ. ಚಾವಡಿಗೆ ಚಾವಡಿ ಇಡಿ. ಹಿತ್ತಿಲು ಬೇಕಾದ್ರೆ ಮೊದಲು ನಿಮ್ಮ ಹಿತ್ತಿಲಿನ ಬಾಗಿಲು ತೆಗೀರಿ. ನಾನೂ ನಿಮ್ಮ ಕಡೆಯವನೇ, ಅಲ್ಲಿ ಎಂತೆಲ್ಲ ಉಂಟು ಅಂತ ನನಗೆ ಗೊತ್ತುಂಟು." ಬಹುಮಾನ ಆ ಹುಡುಗನಿಗೇ ಹೋಯಿತು. ತೀರ್ಪುಗಾರರಲ್ಲಿ ಒಬ್ಬರು ಇದೇ ಕಾರ್ಯದರ್ಶಿಗಳು.

ನೀವು ಯಾವುದನ್ನು ನಂಬುತ್ತೀರಿ ಸರ್ ಎಂದು ನಾವು ಕೇಳುವುದಿತ್ತು. ಅವರು ಮುಚ್ಚಿಟ್ಟವರಲ್ಲ. ತಮ್ಮ ಕುಟುಂಬದ ಕೋಲಕ್ಕೆ ಪ್ರತಿ ವರ್ಷ ಹೋಗಿ, ಭೂತದ ಎದುರು ಕೈಮುಗಿದು ನಿಲ್ಲುತ್ತಿದ್ದರು. ಕ್ರಿಸ್ಮಸ್ಸಿಗೆ ನನ್ನ ಗೆಳತಿಯ ಮನೆಯವರು ಕರೆದರೆ ಇಗರ್ಜಿಗೂ ಹೋಗುತ್ತಿದ್ದರು. ಎಲ್ಲರೂ ಮೊಣಕಾಲೂರಿದಾಗ ಇವರು ಹಿಂದಿನ ಗೋಡೆಯ ಪಕ್ಕ ತಲೆ ತಗ್ಗಿಸಿ ನಿಂತೇ ಇರುತ್ತಿದ್ದರು. ಕೇಳಿದ್ದಕ್ಕೆ, "ನಾನು ಊರಿದ್ರೆ ಅವರಿಗೆ ಸುಳ್ಳು ಹೇಳಿದ ಹಾಗೆ ಆಗ್ತದೆ. ಕರೆದವರ ಮನೆಯಲ್ಲಿ ಸುಳ್ಳು ಹೇಳುದು ಸರಿಯಲ್ಲ" ಎಂದರು.

ಎಂಬತ್ತರ ದಶಕದ ಆರಂಭದಲ್ಲಿ ಆ ವಿಷಯವನ್ನೇ ನಿಲ್ಲಿಸಿದರು. ನಾನಾಗ ಬ್ಯಾಂಕಿಗೆ ಸೇರಿಯಾಗಿತ್ತು. ಕೆಲವು ಹೆತ್ತವರು, ನಮ್ಮ ಹೆಣ್ಣುಮಕ್ಕಳನ್ನು ಬೇರೆಯವರ ಮನೆಗೆ ಯಾಕೆ ಕಳಿಸುತ್ತೀರಿ ಎಂದು ದೂರು ಕೊಟ್ಟರು. ಇನ್ನು ಕೆಲವರು, ಬೇರೆಯವರ ಮಕ್ಕಳು ಬಂದು ನಮ್ಮ ದೇವರ ಬಗ್ಗೆ ಪ್ರಶ್ನೆ ಕೇಳುವುದು ಯಾಕೆ ಎಂದರು. ಎಲ್ಲ ಧರ್ಮದವರೂ ಒಂದಾದದ್ದು ಈ ದೂರಿನಲ್ಲಿ ಮಾತ್ರ. ಕಾರ್ಯದರ್ಶಿಗಳ ಕೋಣೆಯಲ್ಲಿ ನಡೆದದ್ದನ್ನು ಸರ್ ಆಮೇಲೆ ಕಂಕನಾಡಿಯ ಹೋಟೆಲಿನಲ್ಲಿ ಕೂತು ನನಗೆ ಹೇಳಿದರು. ಅವತ್ತು ಎದುರಿಗಿದ್ದ ಒಂದೇ ಪ್ಲೇಟು ಗೋಳಿಬಜೆ ಹಾಗೆಯೇ ಉಳಿದಿತ್ತು.

ಕಾರ್ಯದರ್ಶಿಗಳು ತುಂಬ ನಯವಾಗಿಯೇ ಮಾತಾಡಿದರಂತೆ. "ಸರ್, ಊರಿನ ವಾತಾವರಣ ಸರಿ ಇಲ್ಲ. ನೀವು ವ್ಯತ್ಯಾಸ ಹೇಳ್ತಾ ಹೋದ್ರೆ ಸೌಹಾರ್ದ ಹಾಳಾಗ್ತದೆ. ಇನ್ನು ಮೇಲೆ ನೀತಿಪಾಠ ಮಾಡುವ. ಪುಸ್ತಕ ರೆಡಿ ಉಂಟು." ಪುಸ್ತಕದ ಮೊದಲ ಪಾಠ 'ಎಲ್ಲ ಧರ್ಮಗಳ ಸಾರ ಒಂದೇ'. ಸರ್ ಅದನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಇದನ್ನು ಬರೆದವರು ಯಾರ ಮನೆಯಲ್ಲಿ ಓದಿದ್ರು?" ಕಾರ್ಯದರ್ಶಿಗಳಿಗೆ ಅರ್ಥವಾಗಲಿಲ್ಲ. ನೀತಿಪಾಠ ಮಾಡಲು ಸರ್ ಒಪ್ಪಲಿಲ್ಲ. ನಿವೃತ್ತಿಯವರೆಗೆ ಅವರಿಗೆ ಸಿಕ್ಕಿದ್ದು ಮಧ್ಯಾಹ್ನ ಊಟವಾದ ಮೇಲೆ ನಿದ್ದೆಗಣ್ಣಿನ ಹುಡುಗರಿಗೆ ತರ್ಕಶಾಸ್ತ್ರ. ಜನ ಒಬ್ಬರನ್ನೊಬ್ಬರು ಅರಿಯುವ ಕ್ಲಾಸನ್ನು ಸೌಹಾರ್ದದ ಹೆಸರಿನಲ್ಲಿ ಮುಚ್ಚಿದವರು, ಈಗ ಅದೇ ಸೌಹಾರ್ದದ ಹೆಸರಿನಲ್ಲಿ ಅವರಿಗೆ ಹಾರ ಹಾಕುತ್ತಿದ್ದಾರೆ. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಇಷ್ಟು ಬರೆದು ಮುಗಿಸಿದಾಗ, ಇದನ್ನು ಯಾರ ಮನೆಯಲ್ಲಿ ಓದಿದ್ರಿ ಎಂದು ಅವರೇ ಕೇಳಿದಂತಾಯಿತು. ಹಾಳೆಗಳನ್ನು ಮಡಚಿಕೊಂಡು ಅವರ ಮನೆಗೇ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಸರ್ ಊರೂರು ಅಲೆಯುವುದಕ್ಕೆ ಒಂದು ದಿನವೂ ಬೈಯದೆ ಬಿಟ್ಟವರಲ್ಲ ಈ ಅಕ್ಕ. ಓದುತ್ತೇನೆ ಎಂದೆ, ಓದು ಎಂದರು. ಚಾಕ್‌ಪೀಸಿಗೆ ನಕ್ಕರು. ಎರಡನೇ ಪ್ಲೇಟಿನ ಸುದ್ದಿಗೆ, "ಗೊತ್ತಿತ್ತು ನನಗೆ" ಎಂದರು. ಬಾಕಿ ಎಲ್ಲದಕ್ಕೂ ತಲೆದೂಗುತ್ತಾ ಬಂದರು. ವಿಷಯ ನಿಲ್ಲಿಸಿದ ಜಾಗದಲ್ಲಿ ನಾನು ಮೊದಲು ಇನ್ನೊಂದು ವಾಕ್ಯ ಬರೆದಿದ್ದೆ: 'ಇದನ್ನು ಅವರು ಶಾಂತವಾಗಿ ಸ್ವೀಕರಿಸಿದರು.' ಅದು ಬಂದಾಗ ಅಕ್ಕನ ಕೈಯ ನೂಲು ನಿಂತಿತು. ತಲೆ ಅಡ್ಡ ಆಡಿಸಿದರು.

"ಶಾಂತವಾಗಿಯಾ? ಯಾರು ಹೇಳಿದ್ದು ನಿನಗೆ? ಬಚ್ಚಲಿಗೆ ಹೋಗಿ ಬಾಗಿಲು ಹಾಕಿ, ನೀರು ಬಿಟ್ಟು, ಒಬ್ಬರೇ ಗಟ್ಟಿಯಾಗಿ ಪಾಠ ಮಾಡ್ತಿದ್ರು. ಹೊರಗೆ ನಿಂತು ನಾನು ಕೇಳ್ತಿದ್ದೆ. ಎಷ್ಟೋ ದಿನ. ಒಮ್ಮೆ ಪಾಠ ಅರ್ಧದಲ್ಲಿ ನಿಂತಿತು. ನೀರು ಮಾತ್ರ ಬೀಳ್ತಾ ಇತ್ತು. ಶಾಂತ ಅಂತೆ, ಶಾಂತ. ತೆಗಿ ಅದನ್ನು."

ತೆಗೆದೆ. ಹಿತ್ತಾಳೆಯ ಫಲಕದ ವಾಕ್ಯವನ್ನು ಕಾಲೇಜಿನವರು ನಿಮಗೆ ಓದಿ ಹೇಳಿದರೇ ಎಂದು ಕೇಳಿದೆ. "ಪರದೆ ಎಳೀಲಿಕ್ಕೆ ಬನ್ನಿ ಅಂದಿದ್ದಾರೆ. ಬೇರೆಂತ ಹೇಳ್ಲಿಲ್ಲ" ಎಂದು ಮಲ್ಲಿಗೆಯ ಬುಟ್ಟಿಗೆ ಕೈಹಾಕಿದರು. ನಾನು ಹಾಳೆಗಳನ್ನು ಮಡಚಿ ಎದ್ದೆ.

ಇನ್ನು ಮುಂದಿನದು ಆಮೇಲೆ ಸೇರಿಸಿದ್ದು.

ಅನಾವರಣದ ದಿನ ಲೈಬ್ರರಿಯಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಗಣ್ಯರು ಮುಂದೆ. ಐಸಮ್ಮನಿಗೆ ಆಮಂತ್ರಣವಿರಲಿಲ್ಲ, ನಾನು ಬೆಂಗ್ರೆಗೆ ಹೋಗಿ ಕರೆದುಕೊಂಡು ಬಂದೆ. ವಯಸ್ಸಾಗಿ ಸ್ವಲ್ಪ ಬಾಗಿದ್ದರೂ ದರ್ಬಾರಿಗೆ ಕಮ್ಮಿ ಇರಲಿಲ್ಲ. "ಮಾಸ್ಟ್ರಿಗೆ ಇಷ್ಟು ಹೂವು ಯಾಕೆ?" ಎಂದು ಕೇಳಿ ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತರು. ಕಾರ್ಯದರ್ಶಿಗಳು ಹಳೆಯ ಭಾಷಣವನ್ನೇ ಇನ್ನೊಮ್ಮೆ ಮಾಡಿದರು. ಆಮೇಲೆ ಅಕ್ಕನನ್ನು ಕರೆದರು. ಅಕ್ಕ ಹೋಗಿ ಹಗ್ಗ ಎಳೆದರು, ಹಸಿರು ಪರದೆ ಸರಿಯಿತು, ಫೋಟೊದಲ್ಲಿ ಸರ್ ಕನ್ನಡಕ ಹಾಕಿಕೊಂಡು ನಮ್ಮನ್ನು ನೋಡುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಕ ಮಾತ್ರ ಅಲ್ಲಿಂದ ಕದಲಲಿಲ್ಲ. ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಗ್ಗಿ, ಫಲಕವನ್ನು ನಿಧಾನವಾಗಿ ಓದಿದರು. ಚಪ್ಪಾಳೆ ಅಲ್ಲಲ್ಲಿ ನಿಂತು ಪೂರ್ತಿ ನಿಂತಿತು. ಅಕ್ಕ ನೆಟ್ಟಗಾಗಿ ತಲೆ ಅಡ್ಡ ಆಡಿಸಿದರು.

"ಇದನ್ನು ಯಾರ ಮನೆಯಲ್ಲಿ ಓದಿದ್ರಿ?"

ಕಾರ್ಯದರ್ಶಿಗಳು ನಗುತ್ತಲೇ ಹತ್ತಿರ ಬಂದರು. "ಎಂತ ಅಮ್ಮ?"

"ಇದನ್ನು ಬರ್ದು ನಮ್ಮ ಮನೆಗೆ ಬಂದು ಓದಿದ್ರಾ ಅಂತ ಕೇಳಿದ್ದು."

"ಇಲ್ಲ ಅಮ್ಮ... ಅದು, ಕಮಿಟಿಯಲ್ಲಿ ಎಲ್ಲರೂ ಸೇರಿ..."

"ಮೂವತ್ತು ವರ್ಷ ಅವರ ಜೊತೆ ಇದ್ದವಳು ನಾನು. ಇದು ಅವರು ಹೇಳಿದ್ದಲ್ಲ" ಎಂದರು ಅಕ್ಕ. ಸ್ವರ ಏರಿಸಲಿಲ್ಲ. ಹಗ್ಗ ಹಿಡಿದು ಹಸಿರು ಪರದೆಯನ್ನು ಮತ್ತೆ ಫೋಟೊದ ಮೇಲೆ, ಫಲಕದ ಮೇಲೆ ಎಳೆದು ಮುಚ್ಚಿದರು. "ಪುನಃ ಬರೆದು ತನ್ನಿ."

ಮುಂದಿನ ಸಾಲಿನ ತಮ್ಮ ಕುರ್ಚಿಯನ್ನು ದಾಟಿ ಅಕ್ಕ ನಡೆದು ಬಂದು ಕೊನೆಯ ಸಾಲಿನಲ್ಲಿ ನಮ್ಮ ಜೊತೆ ಕೂತರು. ನಾನು ತಿರುಗಿ ನೋಡಿದೆ. ಐಸಮ್ಮ ಅಕ್ಕನ ಕಡೆ ನೋಡುತ್ತಾ ತಲೆದೂಗುತ್ತಿದ್ದರು.